ಫ್ಯಾಟಿ ಲಿವರ್‌ಗೆ ಗಿಡಮೂಲಿಕೆಯ ಸತ್ವ: ಎಷ್ಟು ನಂಬಬಹುದು?



ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದ ಬಹಳ ಮಂದಿಯ ವರದಿಯಲ್ಲಿ ಈಗ ‘ಫ್ಯಾಟಿ ಲಿವರ್, ಗ್ರೇಡ್ ಒಂದು’ ಎಂಬ ಸಾಲು ಇರುತ್ತದೆ. ಪಿತ್ತಕೋಶದ ಕಲ್ಲಿಗೋ ಮೂತ್ರದ ತೊಂದರೆಗೋ ಮಾಡಿಸಿದ ಪರೀಕ್ಷೆಯಲ್ಲಿ ಕೇಳದೆ ಬಂದ ಸುದ್ದಿ ಇದು. ವರದಿ ಕೈಗೆ ಬಂದ ಸಂಜೆಯೇ ನೆರೆಮನೆಯವರು ಒಂದು ಪುಡಿ, ಬೀಗರು ಒಂದು ಕಷಾಯ, ಮೆಡಿಕಲ್ ಅಂಗಡಿಯವರು ಒಂದು ಮಾತ್ರೆ ಹೇಳಿರುತ್ತಾರೆ. ಮುಂದಿನ ಸಲ ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗಿಗಳು ಇದನ್ನೆಲ್ಲ ಸೇವಿಸುತ್ತಿರುತ್ತಾರೆ. ವೈದ್ಯರ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ. ಬೈದಾರು ಎಂಬ ಅಂಜಿಕೆ ಒಂದು ಕಡೆ. ‘ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ’ ಎಂಬ ಧೈರ್ಯ ಇನ್ನೊಂದು ಕಡೆ. ಈ ಅಂಜಿಕೆಯೂ ಬೇಡ, ಈ ಧೈರ್ಯವೂ ಬೇಡ ಎಂದು ತಿಳಿಸುವುದಕ್ಕಾಗಿ ಈ ಪಾಠ.

ಗಿಡಮೂಲಿಕೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕವಾಗಿ ಮಾಡಿಕೊಂಡವರು. ಮೂಲಿಕೆ ಅರೆದು ಕೊಡುವ ಪರಂಪರೆ ನಮ್ಮ ಮಠಗಳಿಗೂ ಹೊಸದಲ್ಲ. ಯಾವ ಕಾಯಿಲೆಗೆ, ಯಾವ ಗಿಡ, ಎಷ್ಟು ಪ್ರಮಾಣದಲ್ಲಿ ಎಂಬ ವಿವೇಚನೆ ಇಲ್ಲದಿದ್ದರೆ ಅದು ಔಷಧವಾಗುವುದಿಲ್ಲ ಎಂಬುದು ಆ ಪರಂಪರೆಗೂ ಗೊತ್ತಿದ್ದ ವಿಷಯ.

ಲಿವರ್‌ಗೆ ಕೊಬ್ಬು ಬರುವುದು ಹೇಗೆ?

ಲಿವರ್ ಅಥವಾ ಪಿತ್ತಜನಕಾಂಗ ಬಲಗಡೆ ಪಕ್ಕೆಲುಬಿನ ಕೆಳಗೆ ಇರುವ, ಸುಮಾರು ಒಂದೂವರೆ ಕೆ.ಜಿ. ತೂಗುವ ಅಂಗ. ನಾವು ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ ಬಹುಮಟ್ಟಿಗೆ ಕರುಳಿನಿಂದ ನೇರವಾಗಿ ಇಲ್ಲಿಗೇ ಬರುತ್ತದೆ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅನ್ನ, ಸಕ್ಕರೆ, ಎಣ್ಣೆ ಸೇರಿದಾಗ ಲಿವರ್ ಅದನ್ನು ಕೊಬ್ಬಾಗಿ ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಈ ಕೊಬ್ಬು ಲಿವರಿನ ನೂರಕ್ಕೆ ಐದು ಭಾಗ ದಾಟಿದರೆ ಅದು ಫ್ಯಾಟಿ ಲಿವರ್. ಮದ್ಯಪಾನದಿಂದಲೂ ಹೀಗಾಗುತ್ತದೆ. ಆದರೆ ಮದ್ಯವನ್ನು ಮುಟ್ಟದವರಲ್ಲಿ, ಜೀವಮಾನವಿಡೀ ಸಸ್ಯಾಹಾರಿಗಳಾಗಿರುವವರಲ್ಲಿ ಕೂಡ ಇದು ಧಾರಾಳವಾಗಿದೆ. ‘ನಾನು ಕುಡಿಯುವವನಲ್ಲ ಸ್ವಾಮಿ, ನನಗೆ ಹೇಗೆ ಬಂತು?’ ಎಂದು ನೊಂದುಕೊಳ್ಳುವವರನ್ನು ಹೊರರೋಗಿ ವಿಭಾಗದಲ್ಲಿ ದಿನವೂ ನೋಡುತ್ತೇವೆ. ಸೊಂಟದ ಸುತ್ತಳತೆ, ಸಕ್ಕರೆ ಕಾಯಿಲೆ, ರಕ್ತದಲ್ಲಿನ ಟ್ರೈಗ್ಲಿಸರೈಡ್, ಕುಳಿತಲ್ಲೇ ಮಾಡುವ ಕೆಲಸ ಇವು ಇದರ ಬೇರು. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 38 ಮಂದಿಗೆ ಫ್ಯಾಟಿ ಲಿವರ್ ಇತ್ತು. ಕೇಂದ್ರ ಸರ್ಕಾರ 2021ರಲ್ಲಿ ಇದನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಜೊತೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಇವರಲ್ಲಿ ಹೆಚ್ಚಿನವರಿಗೆ ಲಿವರ್ ಕೆಡುವುದಿಲ್ಲ. ಕೆಲವರಲ್ಲಿ ಮಾತ್ರ ಕೊಬ್ಬಿನ ಜೊತೆಗೆ ಉರಿಯೂತ ಸೇರಿ, ವರ್ಷಗಳು ಕಳೆದಂತೆ ಗಾಯದ ಕಲೆಯ ಹಾಗೆ ನಾರು ಕಟ್ಟಿ, ಕೊನೆಗೆ ಲಿವರ್ ಗಟ್ಟಿಯಾಗುತ್ತದೆ. ಅದೇ ಸಿರೋಸಿಸ್. ಗ್ರೇಡ್ ಒಂದು, ಎರಡು, ಮೂರು ಎಂಬುದು ಕೊಬ್ಬಿನ ಅಂದಾಜು ಮಾತ್ರ. ನಾರು ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ವಯಸ್ಸು, ಎಸ್‌ಜಿಓಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಣಿಕೆ ಈ ನಾಲ್ಕರಿಂದ ವೈದ್ಯರು ಒಂದು ಅಂಕಿ ಲೆಕ್ಕ ಹಾಕುತ್ತಾರೆ. ಅದಕ್ಕೆ ಫಿಬ್-4 ಎಂದು ಹೆಸರು. ಅದು 1.3ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆತಂಕವಿಲ್ಲ. ಹೆಚ್ಚಿದ್ದರೆ ಫೈಬ್ರೊಸ್ಕ್ಯಾನ್ ಮಾಡಿಸಬೇಕಾಗಬಹುದು. ರಕ್ತಪರೀಕ್ಷೆಯ ಚೀಟಿ ನಿಮ್ಮ ಬಳಿ ಇದ್ದರೆ ಈ ಲೆಕ್ಕಕ್ಕೆ ಬೇರೆ ಖರ್ಚಿಲ್ಲ, ಕೇಳಿ ಪಡೆಯಿರಿ.

ಕಾಮಾಲೆಯೇ ಬೇರೆ, ಕೊಬ್ಬೇ ಬೇರೆ

ಲಿವರ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ನೆಲನೆಲ್ಲಿ. ಹೊಲದ ಬದುವಿನಲ್ಲಿ, ಮನೆಯ ಗೋಡೆಯ ಸಂದಿಯಲ್ಲಿ, ಮಳೆ ಬಿದ್ದ ಮೇಲೆ ತಾನಾಗಿ ಹುಟ್ಟುವ ಗೇಣುದ್ದದ ಗಿಡ; ಎಲೆಯ ಅಡಿಯಲ್ಲಿ ಸಾಸಿವೆ ಗಾತ್ರದ ಕಾಯಿಗಳ ಸಾಲು. ಇದನ್ನು ಅರೆದು ಮಜ್ಜಿಗೆಯಲ್ಲಿ ಕಲಸಿ ಕಾಮಾಲೆಗೆ ಕೊಡುವುದು ಕರ್ನಾಟಕದ ಹಳ್ಳಿಹಳ್ಳಿಯ ರೂಢಿ. ಇದಕ್ಕೆ ವಿಜ್ಞಾನದ ಗಮನವೂ ದೊರಕಿತು. 1988ರಲ್ಲಿ ಮದರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ವೈರಸ್ ಪತ್ತೆಗಾಗಿ ನೊಬೆಲ್ ಪಡೆದ ಬ್ಲಂಬರ್ಗ್ ಅವರೊಡನೆ ಸೇರಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಸ್ ಇದ್ದವರಿಗೆ ಒಂದು ತಿಂಗಳು ನೆಲನೆಲ್ಲಿ ಪುಡಿ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್‌ನ ಗುರುತು ಮರೆಯಾಯಿತು ಎಂಬುದು ಅದರ ಸಾರಾಂಶ. ಜಗತ್ತೇ ತಿರುಗಿ ನೋಡಿತು. ಆದರೆ ಮುಂದೆ ಥಾಯ್ಲೆಂಡ್ ಮುಂತಾದೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ.

ಇಲ್ಲಿ ಎರಡು ಮಾತು. ಮೊದಲನೆಯದು, ಕಾಮಾಲೆ ಎಂಬುದು ಒಂದು ಕಾಯಿಲೆಯಲ್ಲ, ಹಲವು ಕಾಯಿಲೆಗಳ ಲಕ್ಷಣ. ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹುತೇಕ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಯಶಸ್ಸು ಕೊಟ್ಟ ಔಷಧದ ಖಾತೆಗೆ ಜಮಾ ಆಗುತ್ತದೆ. ಫ್ಯಾಟಿ ಲಿವರ್ ಹಾಗೆ ತಾನಾಗಿ ಇಳಿಯುವುದಲ್ಲ, ಅದರಲ್ಲಿ ಸಾಮಾನ್ಯವಾಗಿ ಕಣ್ಣು ಹಳದಿಯಾಗುವುದೂ ಇಲ್ಲ. ಕಾಮಾಲೆಯ ಮದ್ದನ್ನು ಕೊಬ್ಬಿನ ಕಾಯಿಲೆಗೆ ಬಳಸುವುದು ಕೀಲಿ ಬೇರೆ, ಬೀಗ ಬೇರೆ ಎಂಬಂತೆ. ಎರಡನೆಯದು, ಗ್ರಂಥಿಗೆ ಅಂಗಡಿಯಲ್ಲಿ ‘ನೆಲನೆಲ್ಲಿ’ ಎಂದು ಕಟ್ಟಿಕೊಡುವುದು ನೆಲನೆಲ್ಲಿಯೇ ಆಗಿರಬೇಕೆಂದಿಲ್ಲ. ಬೆಂಗಳೂರಿನ ಸಸ್ಯವಿಜ್ಞಾನಿಗಳ ತಂಡವೊಂದು ದಕ್ಷಿಣ ಭಾರತದ 25 ಅಂಗಡಿಗಳಿಂದ ಮಾದರಿ ತಂದು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿತು. ಕಾದಂಬರಿಕಾರರಾಗಿಯೂ ಕನ್ನಡಿಗರಿಗೆ ಪರಿಚಿತರಾದ ಡಾ. ಕೆ.ಎನ್. ಗಣೇಶಯ್ಯ ಮತ್ತು ಡಾ. ಆರ್. ಉಮಾಶಂಕರ್ ಆ ತಂಡದಲ್ಲಿದ್ದರು. ನೂರಕ್ಕೆ 76 ಮಾದರಿಗಳಲ್ಲಿ ನಿಜವಾದ ನೆಲನೆಲ್ಲಿಯೇ ಪ್ರಧಾನವಾಗಿತ್ತು. ಉಳಿದವುಗಳಲ್ಲಿ ಅದೇ ಕುಲದ ಬೇರೆ ಐದು ಜಾತಿಯ ಗಿಡಗಳಿದ್ದವು. ಅಂಗಡಿಯವರು ಮೋಸ ಮಾಡಿದರೆಂದಲ್ಲ. ನೋಡಲು ಒಂದೇ ಥರ ಇರುವ ಗಿಡಗಳನ್ನು ಕೀಳುವವರು ಒಟ್ಟಿಗೇ ಕೀಳುತ್ತಾರೆ.

ಲಿವರ್ ಟಾನಿಕ್ ಎಂಬ ಮಾತ್ರೆ

ಗಿಡಮೂಲಿಕೆ ಮಾತ್ರೆಯ ರೂಪ ತಾಳಿದ ಕಥೆಗೆ ನಮ್ಮ ಊರಿನ ನಂಟೂ ಇದೆ. 1955ರಲ್ಲಿ ಮಾರುಕಟ್ಟೆಗೆ ಬಂದ ‘ಲಿವ್. 52’ ತಯಾರಿಸುವ ಹಿಮಾಲಯ ಸಂಸ್ಥೆ 1930ರಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿದರೂ 1975ರಲ್ಲಿ ತುಮಕೂರು ರಸ್ತೆಯ ಮಾಕಳಿಯಲ್ಲಿ ಕಾರ್ಖಾನೆ ತೆರೆದು ಬೆಂಗಳೂರಿನದಾಯಿತು. ಆ ಮಾತ್ರೆಯಲ್ಲಿರುವ ಕಾಕಮಾಚಿ ಎಂದರೆ ನಾವು ಸಾರು, ತಂಬುಳಿ ಮಾಡುವ ಗಣಿಕೆ ಸೊಪ್ಪಿನ ಗಿಡ. ಅರ್ಜುನ ಎಂದರೆ ನಮ್ಮ ಹೊಳೆದಂಡೆಯ ಮತ್ತಿ ಜಾತಿಯ ಮರ. ಕಾಸನಿ ಎಂದರೆ ಚಿಕೋರಿ, ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ. ಕಾಫಿಗೆ ಅದರ ಬೇರು, ಮಾತ್ರೆಗೆ ಬೀಜ, ಅಷ್ಟೇ ವ್ಯತ್ಯಾಸ.

ಇಂಥ ಮಾತ್ರೆಗಳು ಫ್ಯಾಟಿ ಲಿವರ್ ಗುಣಪಡಿಸುತ್ತವೆಯೇ? ಮದ್ಯಪಾನದಿಂದ ಲಿವರ್ ಕೆಟ್ಟವರಿಗೆ ಇದೇ ಮಾತ್ರೆಯನ್ನು ಆರು ತಿಂಗಳು ಕೊಟ್ಟು ಶ್ರೀಲಂಕಾದ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ಇದನ್ನು ನುಂಗಿದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮದ್ಯವಿಲ್ಲದ ಫ್ಯಾಟಿ ಲಿವರ್‌ನಲ್ಲಿ ನಾರು ಕರಗಿಸುತ್ತದೆ ಎಂದು ದೊಡ್ಡ ಪ್ರಯೋಗಗಳಿಂದ ಸ್ಥಾಪಿತವಾದ ಗಿಡಮೂಲಿಕೆ ಮಾತ್ರೆ ಇಂದಿಗೂ ಒಂದೂ ಇಲ್ಲ. ಮಾತ್ರೆ ನುಂಗುವುದಕ್ಕಿಂತಲೂ ಹಾನಿ ಎಂದರೆ, ‘ಟಾನಿಕ್ ತಗೊಳ್ತಾ ಇದ್ದೀನಲ್ಲ’ ಎಂಬ ಸಮಾಧಾನದಲ್ಲಿ ಕುಡಿತವನ್ನೋ ಬೇಕರಿ ತಿಂಡಿಯನ್ನೋ ಮುಂದುವರಿಸುವುದು.

ಪ್ರಯೋಗಗಳು ಕಂಡದ್ದು

ಹಾಗೆಂದು ಸಸ್ಯಸಾರಗಳಲ್ಲಿ ಏನೂ ಇಲ್ಲ ಎಂದು ತಳ್ಳಿಹಾಕುವುದೂ ತಪ್ಪು. ಸಕ್ಕರೆ ಕಾಯಿಲೆಗೆ ನಾವು ದಿನವೂ ಬರೆದುಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಯುರೋಪಿನ ಗಲೇಗ ಎಂಬ ಗಿಡ. ಗಿಡದಲ್ಲಿದ್ದ ಅಂಶ ವಿಷಕಾರಿಯಾಗಿತ್ತು. ಅದನ್ನೇ ಹೋಲುವ ನಿರಪಾಯದ ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ 1957ರಲ್ಲಿ ಸಕ್ಕರೆ ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದರು. ಗಿಡದಿಂದ ಔಷಧದವರೆಗಿನ ದಾರಿ ಹೀಗೆ ಉದ್ದವಾದದ್ದು.

ಫ್ಯಾಟಿ ಲಿವರ್ ವಿಷಯದಲ್ಲಿ ಆ ದಾರಿ ಇನ್ನೂ ಅರ್ಧಕ್ಕೆ ನಿಂತಿದೆ. ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದಿಂದ ತೆಗೆದ ಸಿಲಿಮರಿನ್ ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಬಹಳ ಹೆಸರಿನಲ್ಲಿ ಸಿಗುತ್ತದೆ. ಮಲೇಷ್ಯಾದಲ್ಲಿ 99 ರೋಗಿಗಳ ಮೇಲೆ 48 ವಾರ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ ಮೂರು ಬಾರಿ 700 ಮಿಲಿಗ್ರಾಂ ಕೊಟ್ಟರೂ ಮುಖ್ಯ ಗುರಿ ಈಡೇರಲಿಲ್ಲ. ನಾರಿನ ಅಂಶದಲ್ಲಿ ಒಂದಿಷ್ಟು ಇಳಿಕೆಯ ಸುಳಿವು ಕಂಡಿತು. ಇನ್ನೂ ದೊಡ್ಡ ಪ್ರಯೋಗ ಬೇಕೆಂದು ಸಂಶೋಧಕರೇ ಹೇಳಿದರು.

ಮರದರಿಶಿನದ ಹಳದಿ ಅಂಶವಾದ ಬರ್ಬೆರಿನ್ ಕುರಿತ ಚೀನಾದ ಪ್ರಯೋಗ ನನಗೆ ಹೆಚ್ಚು ಪಾಠ ಕಲಿಸುವಂಥದೆನಿಸುತ್ತದೆ. 184 ಮಂದಿ, 16 ವಾರ. ಪಥ್ಯ ಮತ್ತು ವ್ಯಾಯಾಮದ ಜೊತೆಗೆ ಬರ್ಬೆರಿನ್ ತೆಗೆದುಕೊಂಡವರ ಲಿವರ್ ಕೊಬ್ಬು ನೂರಕ್ಕೆ 52ರಷ್ಟು ಇಳಿಯಿತು. ಇದಿಷ್ಟನ್ನೇ ಕತ್ತರಿಸಿ ಜಾಹೀರಾತಿಗೆ ಹಾಕುವುದು ಸುಲಭ. ಆದರೆ ಬರ್ಬೆರಿನ್ ಇಲ್ಲದೆ ಬರೀ ಪಥ್ಯ ಮತ್ತು ವ್ಯಾಯಾಮ ಮಾಡಿದವರಲ್ಲೂ ನೂರಕ್ಕೆ 36ರಷ್ಟು ಇಳಿದಿತ್ತು! ಹೆಚ್ಚಿನ ಕೆಲಸ ಮಾಡಿದ್ದು ಯಾವುದು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಅರಿಶಿನದ ಸತ್ವ ಕರ್ಕ್ಯುಮಿನ್ ಬಗ್ಗೆಯೂ ಸಣ್ಣ ಸಣ್ಣ ಪ್ರಯೋಗಗಳಾಗಿವೆ. ಕೆಲವದರಲ್ಲಿ ಎಸ್‌ಜಿಪಿಟಿ ಇಳಿದಿದೆ. ಎಸ್‌ಜಿಪಿಟಿ ಇಳಿದರೆ ಕಾಯಿಲೆ ಹೋಯಿತೆಂದು ಅರ್ಥವಲ್ಲ.

ಸಾರಿನ ಉಪ್ಪಾಗೆ, ಕ್ಯಾಪ್ಸೂಲಿನ ಉಪ್ಪಾಗೆ

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಸಿರಸಿ, ಸಿದ್ದಾಪುರದ ಕಡೆಯವರಿಗೆ ಉಪ್ಪಾಗೆ ಗೊತ್ತು. ಒಣಗಿಸಿದ ಸಿಪ್ಪೆಯನ್ನು ಹುಣಸೆಯ ಬದಲಿಗೆ ಅಡುಗೆಗೆ ಹಾಕುತ್ತಾರೆ; ಬೀಜದಿಂದ ತುಪ್ಪ ತೆಗೆಯುತ್ತಾರೆ. ತಲೆತಲಾಂತರದಿಂದ ತಿಂದವರಿಗೆ ಏನೂ ಆಗಿಲ್ಲ. ಇದೇ ಸಿಪ್ಪೆಯ ಹುಳಿಯನ್ನು ಸಾಂದ್ರಗೊಳಿಸಿ ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ಬೊಜ್ಜು ಕರಗಿಸುವ ಕ್ಯಾಪ್ಸೂಲಾಗಿ ವಿದೇಶಗಳಲ್ಲಿ ಮಾರಿದರು. 1998ರಲ್ಲಿ ಅಮೆರಿಕದ ಒಂದು ಪ್ರಯೋಗ 135 ಮಂದಿಗೆ 12 ವಾರ ಕೊಟ್ಟು ನೋಡಿ, ತೂಕ ಇಳಿಸಲು ಅದರಿಂದ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿತು. ಆಮೇಲಿನ ವರ್ಷಗಳಲ್ಲಿ ಅಂಥ ಕ್ಯಾಪ್ಸೂಲ್ ನುಂಗಿದ ಕೆಲವರ ಲಿವರ್‌ಗೆ ತೀವ್ರ ಪೆಟ್ಟಾದ ವರದಿಗಳೂ ಬಂದವು. ಕೊಬ್ಬು ಕರಗಿಸಲು ಹೋಗಿ ಲಿವರನ್ನೇ ಕಳೆದುಕೊಳ್ಳುವ ಪರಿಸ್ಥಿತಿ!

ಗಿಡ ಒಂದೇ, ಪ್ರಮಾಣ ಬೇರೆ. ಸಾರಿಗೆ ಹಾಕಿದ ಎರಡು ಚೂರು ಸಿಪ್ಪೆಯೂ ಕಾರ್ಖಾನೆಯಲ್ಲಿ ಸಾಂದ್ರವಾದ ಸತ್ವವೂ ಲಿವರಿನ ದೃಷ್ಟಿಯಲ್ಲಿ ಒಂದೇ ಅಲ್ಲ. ಗ್ರೀನ್ ಟೀಯನ್ನೇ ನೋಡಿ. ಲೋಟದಲ್ಲಿ ಕುಡಿದರೆ ತೊಂದರೆಯಿಲ್ಲ. ಅದರ ಸತ್ವದ ಮಾತ್ರೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಕ್ಯಾಟೆಚಿನ್ ಅಂಶ ಸೇರಿದರೆ ಲಿವರ್ ಎನ್‌ಜೈಮ್ ಏರಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ಅರಿಶಿನವೂ ಹಾಗೆಯೇ. ಒಗ್ಗರಣೆಯ ಚಿಟಿಕೆ ಅರಿಶಿನದ ಮಾತು ಬೇರೆ. ಮೆಣಸಿನ ಸತ್ವ ಸೇರಿಸಿ ರಕ್ತಕ್ಕೆ ಹೆಚ್ಚು ಹೀರಿಕೊಳ್ಳುವಂತೆ ಮಾಡಿದ ಮಾತ್ರೆಗಳಿಂದ ಲಿವರ್ ಉರಿಯೂತವಾದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ.

ಅಮೃತಬಳ್ಳಿಯ ಪ್ರಕರಣ ನಮ್ಮ ದೇಶದ್ದೇ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಮನೆಮನೆಯಲ್ಲಿ ಇದರ ಕಷಾಯ ಕಾಯಿಸಿದರು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬಯಿಯಲ್ಲಿ ಹೀಗೆ ಸೇವಿಸಿದ ಆರು ಮಂದಿಗೆ ಲಿವರ್ ಉರಿಯೂತವಾದುದನ್ನು ಅಲ್ಲಿನ ವೈದ್ಯರು 2021ರಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬರು ತೀರಿಕೊಂಡರು. 2022ರಲ್ಲಿ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಪ್ರಕಟವಾಯಿತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನು ಹೋಲುವ ಬೇರೆ ಬಳ್ಳಿ ಬಳಕೆಯಾಗಿರಬಹುದು ಎಂದಿತು. ವಾದ ಏನೇ ಇರಲಿ, ಮನೆಯಲ್ಲಿ ಕಷಾಯ ಕಾಯಿಸುವವರಿಗೆ ಬಳ್ಳಿ ಯಾವುದೆಂದು ಖಾತರಿಯಿಲ್ಲ ಎಂಬ ಮಾತಂತೂ ಎರಡೂ ಕಡೆಯಿಂದ ಸ್ಪಷ್ಟವಾಯಿತು. ಲಿವರ್ ಮೊದಲೇ ದುರ್ಬಲವಾಗಿದ್ದವರು, ಥೈರಾಯ್ಡ್ ಮುಂತಾದ ಸ್ವರೋಗನಿರೋಧಕ ಕಾಯಿಲೆ ಇರುವವರು ಅಮೃತಬಳ್ಳಿಯಿಂದ ದೂರವಿರುವುದೇ ಲೇಸು.

ಹೆಸರು, ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ ಯಾವುದೂ ಇಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ಪುಡಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ಕೊಂಡ 70 ಆಯುರ್ವೇದ ತಯಾರಿಕೆಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಅವೆಲ್ಲ ಲೇಬಲ್ ಇದ್ದ ಸರಕು!

ಕೊಬ್ಬು ಇಳಿಸುವುದು ಯಾವುದು?

ತೂಕ. ಕ್ಯೂಬಾ ದೇಶದಲ್ಲಿ ಫ್ಯಾಟಿ ಲಿವರ್ ಉರಿಯೂತವಿದ್ದ 293 ಮಂದಿ ಒಂದು ವರ್ಷ ಪಥ್ಯ, ನಡಿಗೆ ಮಾಡಿದ ಮೇಲೆ ಲಿವರಿನ ಚೂರು ತೆಗೆದು ಪರೀಕ್ಷಿಸಿದರು, 2015ರಲ್ಲಿ ಪ್ರಕಟವಾಯಿತು. ದೇಹತೂಕದ ನೂರಕ್ಕೆ ಹತ್ತು ಭಾಗ ಇಳಿಸಿದವರಲ್ಲಿ ನೂರಕ್ಕೆ 90 ಮಂದಿಗೆ ಉರಿಯೂತ ಹೋಗಿತ್ತು, 45 ಮಂದಿಗೆ ನಾರು ಸಹ ಕಡಿಮೆಯಾಗಿತ್ತು. ಯಾವ ಸಸ್ಯಸಾರವೂ ಇದರ ಹತ್ತಿರ ಬಂದಿಲ್ಲ. ಆದರೆ ಅಷ್ಟು ಇಳಿಸಿದವರು ಹತ್ತರಲ್ಲಿ ಒಬ್ಬರು ಮಾತ್ರ ಎಂಬುದನ್ನೂ ಹೇಳಬೇಕು, ಇದು ಸುಲಭವಲ್ಲ. 70 ಕೆ.ಜಿ. ಇರುವವರು ಮೊದಲಿಗೆ ಮೂರೂವರೆ ಕೆ.ಜಿ. ಇಳಿಸಿದರೂ ಕೊಬ್ಬು ಕಡಿಮೆಯಾಗತೊಡಗುತ್ತದೆ. ವಾರಕ್ಕೆ ಅರ್ಧ ಕೆ.ಜಿ. ಸಾಕು. ಉಪವಾಸ ಕೆಡವಿ ಒಂದೇ ತಿಂಗಳಲ್ಲಿ ಹತ್ತು ಕೆ.ಜಿ. ಇಳಿಸಿದರೆ ಲಿವರ್‌ಗೆ ಇನ್ನೂ ತೊಂದರೆ.

ಅಡುಗೆ ಮಾಡುವ ತಾಯಂದಿರು ಈ ಭಾಗವನ್ನು ಗಮನವಿಟ್ಟು ಓದಬೇಕು, ಏಕೆಂದರೆ ರೋಗಿಯ ಔಷಧ ನಿಮ್ಮ ಕೈಯಲ್ಲಿದೆ. ತಟ್ಟೆಯಲ್ಲಿ ಅನ್ನ ಅರ್ಧ ಮಾಡಿ, ಪಲ್ಯ ಎರಡರಷ್ಟು ಮಾಡಿ. ಬಸ್ಸಾರು, ಉಪ್ಪುಸಾರು, ಮೊಳಕೆ ಕಾಳು, ಗಣಿಕೆ, ದಂಟು, ಮೆಂತ್ಯ ಸೊಪ್ಪುಗಳೇ ನಿಮ್ಮ ಮನೆಯ ಗಿಡಮೂಲಿಕೆ. ರಾಗಿಮುದ್ದೆ, ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಮುದ್ದೆ ಎರಡಾದರೆ ಅದೂ ಕೊಬ್ಬೇ. ಹಣ್ಣನ್ನು ತಿನ್ನಿ, ಜ್ಯೂಸ್ ಮಾಡಬೇಡಿ. ಬಾಟಲಿಯ ತಂಪು ಪಾನೀಯ ಮತ್ತು ಬೇಕರಿಯ ಬನ್ನು, ಪಫ್ಸು ಮನೆಗೆ ಬರುವುದೇ ಬೇಡ. ದಾಸೋಹದಲ್ಲಿ ಪಾಯಸ ಬಡಿಸುವಾಗ ಬೇಡ ಎನ್ನುವುದು ಕಷ್ಟ, ನಮಗೂ ಗೊತ್ತು. ಪ್ರಸಾದವೆಂದು ಒಂದು ಚಮಚ ಸ್ವೀಕರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಡಿಗೆ ವಾರಕ್ಕೆ ಐದು ದಿನ, ಅರ್ಧ ಗಂಟೆ, ಸ್ವಲ್ಪ ಏದುಸಿರು ಬರುವ ವೇಗದಲ್ಲಿ. ಓಕಳಿಪುರದಿಂದ ಶ್ರೀರಾಮಪುರದ ಮೇಲೆ ಮಲ್ಲೇಶ್ವರಕ್ಕೆ ತರಕಾರಿಗೆ ಹೋಗುವವರು ಆಟೋ ಬಿಟ್ಟು ನಡೆದರೆ ಅರ್ಧ ಲೆಕ್ಕ ಅಲ್ಲೇ ತೀರುತ್ತದೆ. ಮದ್ಯ ಸಂಪೂರ್ಣ ಬಿಡಬೇಕು. ‘ಸ್ವಲ್ಪ’ ಎಂಬ ಲೆಕ್ಕ ಈ ಕಾಯಿಲೆಯಲ್ಲಿ ಇಲ್ಲ.

ಒಂದು ಸಸ್ಯಸಾರದ ಬಗ್ಗೆ ಮಾತ್ರ ಸಂತೋಷದ ಸುದ್ದಿ ಕೊಡಬಹುದು. ಅದು ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್. ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ಲಿವರಿನ ನಾರು ಕಡಿಮೆ ಇರುವುದು ಹಲವು ದೇಶಗಳ ಸಮೀಕ್ಷೆಗಳಲ್ಲಿ ಕಂಡಿದೆ. ಇದು ಸಮೀಕ್ಷೆಯ ಮಾತು, ಔಷಧವೆಂದು ಸಿದ್ಧವಾದದ್ದಲ್ಲ. ಸಕ್ಕರೆ ಹಾಕಿದರೆ ಲಾಭವೆಲ್ಲ ನಷ್ಟ. ನಿದ್ದೆ ಬಾರದವರು, ಎದೆ ಬಡಿತ ಇರುವವರು ಇದನ್ನು ನೆಪ ಮಾಡಿಕೊಳ್ಳಬಾರದು.

ನಾರು ಮುಂದುವರಿದವರಿಗೆ ಈಗ ಔಷಧಗಳೂ ಬಂದಿವೆ. ಸಾರೊಗ್ಲಿಟಜಾರ್ ಮಾತ್ರೆಗೆ ಭಾರತದಲ್ಲಿ 2020ರಲ್ಲಿ ಅನುಮತಿ ದೊರಕಿತು. ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರಾಮ್, 2025ರಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದು ಇದೇ ಕಾಯಿಲೆಗೆ ಒಪ್ಪಿಗೆ ಪಡೆದವು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ತಜ್ಞರೇ ನಿರ್ಧರಿಸಬೇಕು.

ಆಸ್ಪತ್ರೆಗೆ ಬರುವಾಗ

ಮನೆಯಲ್ಲಿರುವ ಪುಡಿ, ಲೇಹ್ಯ, ಕಷಾಯ, ಕ್ಯಾಪ್ಸೂಲ್ ಯಾವುದೇ ಇರಲಿ, ಡಬ್ಬಿ ಸಮೇತ ಚೀಲದಲ್ಲಿ ಹಾಕಿಕೊಂಡು ಬನ್ನಿ. ಯಾರೂ ಬೈಯುವುದಿಲ್ಲ. ಯಾವಾಗಿನಿಂದ, ದಿನಕ್ಕೆಷ್ಟು ಎಂದು ಹೇಳಿದರೆ ಸಾಕು. ಆಯುರ್ವೇದವನ್ನೇ ಅನುಸರಿಸಬೇಕೆಂಬ ಇಚ್ಛೆ ಇದ್ದರೆ ಪದವಿ ಪಡೆದ ವೈದ್ಯರನ್ನು ಕಾಣಿರಿ. ಮೆಜೆಸ್ಟಿಕ್ ಬಳಿಯ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆಯೇ ಇದೆ. ಅವರಿಗೂ ಇಲ್ಲಿನ ಚೀಟಿ ತೋರಿಸಿ, ಅಲ್ಲಿನ ಚೀಟಿ ನಮಗೆ ತೋರಿಸಿ. ಪುಡಿ ಶುರುಮಾಡಿದೆವೆಂದು ಸಕ್ಕರೆ ಕಾಯಿಲೆಯ ಅಥವಾ ರಕ್ತದೊತ್ತಡದ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಫ್ಯಾಟಿ ಲಿವರ್ ಇರುವವರ ಪ್ರಾಣಕ್ಕೆ ಲಿವರಿಗಿಂತ ಹೆಚ್ಚಾಗಿ ಅಪಾಯ ತರುವುದು ಹೃದಯಾಘಾತ.

ಯಾವುದೇ ಮೂಲಿಕೆ ಅಥವಾ ಮಾತ್ರೆ ತೆಗೆದುಕೊಳ್ಳುವಾಗ ಹಸಿವು ಸತ್ತರೆ, ವಾಕರಿಕೆ, ಮೈ ತುರಿಕೆ, ಬಲಪಕ್ಕೆಯ ನೋವು ಕಂಡರೆ, ಮೂತ್ರ ಕಡು ಟೀಯ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅಂದೇ ಅದನ್ನು ನಿಲ್ಲಿಸಿ ರಕ್ತಪರೀಕ್ಷೆಗೆ ಬನ್ನಿ. ಹೊಟ್ಟೆ ಉಬ್ಬುವುದು, ರಕ್ತವಾಂತಿ, ಕಪ್ಪು ಮಲ, ಮಾತು ತೊದಲಿ ಮಂಕು ಕವಿಯುವುದು ಕಂಡರೆ ಹೊರರೋಗಿ ಚೀಟಿಗಾಗಿ ಸಾಲಿನಲ್ಲಿ ನಿಲ್ಲಬೇಡಿ, ಹಗಲಾಗಲಿ ರಾತ್ರಿಯಾಗಲಿ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತನ್ನಿ.